ಆರೋಗ್ಯವಂತರು ಆಕ್ಸಿಜನ್ ಚೇಂಬರ್‌ಗೆ ಹೋಗಬೇಕೆ? ಹಣ ಕಟ್ಟುವ ಮೊದಲು ಮಾಡಬೇಕಾದ ಕೆಲಸಗಳು

ಪಣಂಬೂರು ಬೀಚಿನಲ್ಲಿ ಓಡುವವರು ಕೇಳುತ್ತಾರೆ. ಮಣಿಪಾಲದ ಎಂಡ್ ಪಾಯಿಂಟ್‌ನಲ್ಲಿ ಬೆಳಿಗ್ಗೆ ವಾಕಿಂಗ್ ಬರುವವರು ಕೇಳುತ್ತಾರೆ. ಜಿಮ್ ಹುಡುಗರು, ನಿವೃತ್ತ ಮಾಷ್ಟ್ರುಗಳು, ಎಲ್ಲರದ್ದೂ ಒಂದೇ ಪ್ರಶ್ನೆ. "ಹೈಪರ್‌ಬೇರಿಕ್ ಆಕ್ಸಿಜನ್ ಥೆರಪಿ ತಗೊಂಡರೆ ಸ್ಟ್ಯಾಮಿನಾ ಜಾಸ್ತಿ ಆಗುತ್ತಂತೆ, ಮೈಯೊಳಗಿನ ಉರಿಯೂತ ಇಳಿಯುತ್ತಂತೆ. ಹೋಗಬಹುದಾ?"

ಮುಚ್ಚಿದ ಚೇಂಬರ್ ಒಳಗೆ ಗಾಳಿಯ ಒತ್ತಡ ಏರಿಸಿ ಆಕ್ಸಿಜನ್ ಉಸಿರಾಡಿಸುವ ಚಿಕಿತ್ಸೆ ಇದು. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ಕಾಯಿಲೆಯೂ ಇಲ್ಲದವರು ಇದಕ್ಕೆ ದುಡ್ಡು ಹಾಕುವುದನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಕಾರಣಗಳನ್ನು ಕೆಳಗೆ ಬರೆದಿದ್ದೇನೆ. ಆದರೂ ಒಮ್ಮೆ ನೋಡಿಯೇ ಬಿಡೋಣ ಅಂತ ಮನಸ್ಸು ಮಾಡಿದವರು ಬಹಳ ಜನ ಇದ್ದಾರೆ. ಅಂಥವರು ಈ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮಧ್ಯದಲ್ಲಿ ಯಾವುದಾದರೂ ಹಂತದಲ್ಲಿ "ಬೇಡ" ಅನ್ನಿಸಿದರೆ ಅಲ್ಲೇ ನಿಲ್ಲಿಸಿ.

ಶುರು ಮಾಡುವ ಮೊದಲು ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆಯಿಂದ ಕಾಲಿನ ಗಾಯ ಮಾಗದವರು, ಕ್ಯಾನ್ಸರ್‌ಗೆ ರೇಡಿಯೇಶನ್ ಆದ ಜಾಗದಲ್ಲಿ ಹುಣ್ಣಾದವರು, ಹೊಗೆ ಕುಡಿದು ಕಾರ್ಬನ್ ಮೊನಾಕ್ಸೈಡ್ ವಿಷ ಏರಿದವರು, ಇವರಿಗೆ ಈ ಲೇಖನ ಅಲ್ಲ. ಅವರಿಗೆ ಈ ಚೇಂಬರ್ ನಿಜವಾದ ಚಿಕಿತ್ಸೆ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸುವುದು ನಿಂತರೆ ಅದೇ ದಿನ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ಅದಕ್ಕೂ ಈ ಚಿಕಿತ್ಸೆ ಕೊಡುವುದುಂಟು, ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ.

1. ಚೇಂಬರ್ ಒಳಗೆ ಏನಾಗುತ್ತದೆ ಎಂದು ತಿಳಿದುಕೊಳ್ಳಿ

ಕೋವಿಡ್ ಕಾಲದಲ್ಲಿ ತಂದ ಆಕ್ಸಿಮೀಟರ್ ಮನೆಯಲ್ಲಿ ಇರಬಹುದು. ಬೆರಳಿಗೆ ಹಾಕಿ ನೋಡಿ. 97, 98 ತೋರಿಸುತ್ತದೆ ಅಲ್ವಾ? ನಿಮ್ಮ ರಕ್ತದ ಹಿಮೋಗ್ಲೋಬಿನ್ ಎಷ್ಟು ಆಕ್ಸಿಜನ್ ಹೊರಬಲ್ಲದೋ ಹೆಚ್ಚುಕಡಿಮೆ ಅಷ್ಟನ್ನು ಈಗಾಗಲೇ ಹೊತ್ತಿದೆ ಎಂದು ಅದರ ಅರ್ಥ. ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಯಲು ಜಾಗ ಬಹಳ ಕಡಿಮೆ.

ಹಾಗಾದರೆ ಚೇಂಬರ್ ಮಾಡುವುದೇನು? ಗೋಲಿ ಸೋಡಾ ನೆನಪಿಸಿಕೊಳ್ಳಿ. ಒತ್ತಡ ಹಾಕಿದರೆ ಗ್ಯಾಸ್ ನೀರಿನಲ್ಲಿ ಕರಗುತ್ತದೆ. ಹಾಗೆಯೇ ಹೆಚ್ಚು ಒತ್ತಡದಲ್ಲಿ ಶುದ್ಧ ಆಕ್ಸಿಜನ್ ಉಸಿರಾಡಿದರೆ, ಅದು ಹಿಮೋಗ್ಲೋಬಿನ್ ಅನ್ನು ಬಿಟ್ಟು ರಕ್ತದ ನೀರಿನ ಭಾಗದಲ್ಲಿ, ಅಂದರೆ ಪ್ಲಾಸ್ಮಾದಲ್ಲಿ, ನೇರವಾಗಿ ಕರಗುತ್ತದೆ. 100 ಮಿಲಿ ರಕ್ತದಲ್ಲಿ ಹಿಮೋಗ್ಲೋಬಿನ್ ಹೊರುವ ಆಕ್ಸಿಜನ್ ಸುಮಾರು 20 ಮಿಲಿ. ನಾವು ಸುಮ್ನೆ ಕೂತು ಉಸಿರಾಡುವಾಗ ಪ್ಲಾಸ್ಮಾದಲ್ಲಿ ಕರಗಿರುವುದು ಬರೀ 0.3 ಮಿಲಿ. ವಾತಾವರಣದ ಎರಡು ಪಟ್ಟು ಒತ್ತಡದಲ್ಲಿ ಶುದ್ಧ ಆಕ್ಸಿಜನ್ ಕೊಟ್ಟರೆ ಅದು ಸುಮಾರು 4 ಮಿಲಿಗೆ ಏರುತ್ತದೆ. ರಕ್ತನಾಳ ಹಾಳಾಗಿ ಆಕ್ಸಿಜನ್ ತಲುಪದ ಗಾಯಕ್ಕೆ ಇದು ದೊಡ್ಡ ವರ.

ಸೋಡಾದ ಮುಚ್ಚಳ ತೆಗೆದರೆ ಗ್ಯಾಸ್ ಹೋಗುತ್ತದೆ. ಇಲ್ಲೂ ಹಾಗೆಯೇ. ಚೇಂಬರ್‌ನಿಂದ ಹೊರಬಂದ ಕೆಲವೇ ನಿಮಿಷಗಳಲ್ಲಿ ರಕ್ತದ ಆಕ್ಸಿಜನ್ ಮೊದಲಿನ ಮಟ್ಟಕ್ಕೆ ಬರುತ್ತದೆ. ಕೂತಲ್ಲೇ ಕೂತಿದ್ದರೂ ದೇಹ ನಿಮಿಷಕ್ಕೆ ಸುಮಾರು 250 ಮಿಲಿ ಆಕ್ಸಿಜನ್ ಬಳಸುತ್ತದೆ. ಹಾಗಾಗಿ ನಾಳೆಯ ಓಟಕ್ಕೆ ಇವತ್ತೇ ಆಕ್ಸಿಜನ್ ತುಂಬಿಸಿಟ್ಟುಕೊಳ್ಳಲು ಆಗುವುದಿಲ್ಲ. "ರೇಸಿನ ಹಿಂದಿನ ದಿನ ಒಂದು ಸೆಷನ್ ತಗೊಳ್ಳಿ" ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ನೆನಪಿರಲಿ.

2. ನಿಮಗೆ ಬೇಕಾದ್ದೇನು, ಒಂದೇ ಸಾಲಿನಲ್ಲಿ ಬರೆಯಿರಿ

"ಆರೋಗ್ಯ ಚೆನ್ನಾಗಿರಲಿ" ಅಂತ ಬರೆದರೆ ಸಾಲದು. ಸ್ಟ್ಯಾಮಿನಾ ಬೇಕೋ, ಜಿಮ್ ಆದ ಮೇಲಿನ ಮೈಕೈ ನೋವು ಹೋಗಬೇಕೋ, ರಕ್ತ ಪರೀಕ್ಷೆಯಲ್ಲಿ ಉರಿಯೂತದ ಅಂಕಿ ಇಳಿಯಬೇಕೋ, ವಯಸ್ಸಾಗುವುದು ನಿಧಾನವಾಗಬೇಕೋ? ಒಂದೊಂದಕ್ಕೂ ಉತ್ತರ ಬೇರೆ.

ಸ್ಟ್ಯಾಮಿನಾ: 2022ರಲ್ಲಿ ಇಸ್ರೇಲಿನ ತಂಡವೊಂದು 40ರಿಂದ 50 ವರ್ಷದ 37 ಕ್ರೀಡಾಪಟುಗಳ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಕೆಲವರಿಗೆ ನಿಜವಾದ ಚಿಕಿತ್ಸೆ, ಉಳಿದವರಿಗೆ ತೋರಿಕೆಯದ್ದು. ಎರಡು ಪಟ್ಟು ಒತ್ತಡದಲ್ಲಿ 40 ಸೆಷನ್ ಆದ ಮೇಲೆ, ಚಿಕಿತ್ಸೆ ಪಡೆದವರ ವಿಒ2 ಮ್ಯಾಕ್ಸ್ ಏರಿತ್ತು. ವಿಒ2 ಮ್ಯಾಕ್ಸ್ ಎಂದರೆ ಪೂರ್ತಿ ಶಕ್ತಿ ಹಾಕಿ ಓಡುವಾಗ ದೇಹ ಬಳಸಬಲ್ಲ ಗರಿಷ್ಠ ಆಕ್ಸಿಜನ್. ಫಲಿತಾಂಶ ಕುತೂಹಲದ್ದೇ. ಆದರೆ ಅದು 37 ಜನರ ಒಂದು ಅಧ್ಯಯನ. ಅವರೆಲ್ಲ ಮೊದಲೇ ಚೆನ್ನಾಗಿ ಪಳಗಿದ ಕ್ರೀಡಾಪಟುಗಳು.

ಮೈಕೈ ನೋವು: ಹೊಸ ವ್ಯಾಯಾಮ ಮಾಡಿದ ಮರುದಿನ, ಅದರ ಮರುದಿನ ಬರುವ ಸ್ನಾಯು ನೋವಿಗೆ ಈ ಚಿಕಿತ್ಸೆ ಆಗುತ್ತದೆಯೇ ಎಂದು, ಚಿಕಿತ್ಸೆಗಳ ಪುರಾವೆಯನ್ನು ತೂಗಿ ನೋಡುವ ಕೊಕ್ರೇನ್ ಸಂಸ್ಥೆ 2005ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಲಾಭಕ್ಕೆ ಸಾಕಷ್ಟು ಪುರಾವೆ ಸಿಗಲಿಲ್ಲ. ನಡುವಿನ ದಿನಗಳಲ್ಲಿ ನೋವು ಸ್ವಲ್ಪ ಜಾಸ್ತಿಯೇ ಆಗಿರುವ ಸೂಚನೆ ಸಿಕ್ಕಿತು. ಇದಕ್ಕಾಗಿ ಹೋಗುವವರು ಇಲ್ಲೇ ನಿಲ್ಲಿಸಬಹುದು.

ವಯಸ್ಸು: 2020ರಲ್ಲಿ ಅದೇ ಇಸ್ರೇಲಿನ ಇನ್ನೊಂದು ಅಧ್ಯಯನ ದೊಡ್ಡ ಸುದ್ದಿಯಾಯಿತು. 64 ದಾಟಿದ 35 ಆರೋಗ್ಯವಂತರಿಗೆ 60 ಸೆಷನ್ ಕೊಟ್ಟರು. ಕೆಲವು ರಕ್ತ ಕಣಗಳಲ್ಲಿ ಟೆಲೊಮಿಯರ್ ಶೇ. 20ಕ್ಕಿಂತ ಜಾಸ್ತಿ ಉದ್ದವಾಗಿದ್ದವು. ಹಗ್ಗದ ತುದಿ ಬಿಚ್ಚಿಕೊಳ್ಳದಂತೆ ಗಂಟು ಹಾಕುತ್ತೇವಲ್ಲ, ಟೆಲೊಮಿಯರ್ ನಮ್ಮ ಕ್ರೋಮೋಸೋಮಿಗೆ ಅಂಥ ಗಂಟು. ಆದರೆ ಅಲ್ಲಿ ಚಿಕಿತ್ಸೆ ಪಡೆಯದ ಗುಂಪನ್ನು ಇಟ್ಟು ಹೋಲಿಸಿರಲಿಲ್ಲ. ಅವರು ಜಾಸ್ತಿ ದಿನ ಬದುಕಿದರು, ಕಾಯಿಲೆ ಕಡಿಮೆಯಾಯಿತು ಎಂದೂ ಅದು ತೋರಿಸಿಲ್ಲ.

ಉರಿಯೂತದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ಈ ಪದವನ್ನು ಈಗ ಎಲ್ಲದಕ್ಕೂ ಬಳಸುತ್ತಾರೆ. ಗಾಯವಾದಾಗ, ಸೋಂಕು ಬಂದಾಗ ದೇಹ ಅಲ್ಲಿಗೆ ರಕ್ಷಣೆಯ ಕಣಗಳನ್ನು ಕಳಿಸುತ್ತದೆ. ಕೆಂಪಾಗುವುದು, ಬಾವು, ಬಿಸಿ, ನೋವು ಇವೇ ಉರಿಯೂತ. ಅದು ಬಂದು ಕೆಲಸ ಮುಗಿಸಿ ಹೋದರೆ ಒಳ್ಳೆಯದೇ. ಓಡಿದ ಮೇಲೆ, ಭಾರ ಎತ್ತಿದ ಮೇಲೆ ಸ್ನಾಯುವಿನಲ್ಲಿ ಆಗುವ ಸಣ್ಣ ಉರಿಯೂತವೇ "ಮುಂದಿನ ಸಲಕ್ಕೆ ಗಟ್ಟಿಯಾಗು" ಎಂದು ಸ್ನಾಯುವಿಗೆ ಹೇಳುವುದು. ಅದನ್ನು ಪ್ರತಿ ಸಲ ಒತ್ತಿಹಿಡಿದರೆ ವ್ಯಾಯಾಮದ ಫಲವೇ ಕಡಿಮೆಯಾಗಬಹುದು. ತೊಂದರೆ ಕೊಡುವುದು ಹೋಗದೆ ಕೂತ, ಕಣ್ಣಿಗೆ ಕಾಣದ ದೀರ್ಘಕಾಲದ ಉರಿಯೂತ. ಅದರ ಹಿಂದೆ ಸಾಮಾನ್ಯವಾಗಿ ಇರುವುದು ಹೊಟ್ಟೆಯ ಬೊಜ್ಜು, ಬೀಡಿ ಸಿಗರೇಟು, ನಿದ್ದೆಗೇಡು, ವಸಡಿನ ಕಾಯಿಲೆ. ಹೌದು, ವಸಡು. ಹಲ್ಲುಜ್ಜುವಾಗ ರಕ್ತ ಬರುವುದನ್ನು ವರ್ಷಗಟ್ಟಲೆ ಬಿಟ್ಟವರು ಮೊದಲು ದಂತ ವೈದ್ಯರ ಹತ್ತಿರ ಹೋಗಿ ಬನ್ನಿ. ಚೇಂಬರ್ ಈ ಕಾರಣಗಳಲ್ಲಿ ಒಂದನ್ನೂ ತೆಗೆಯುವುದಿಲ್ಲ.

3. ಈಗಿನ ಸ್ಥಿತಿಯನ್ನು ಅಳೆದು ಬರೆದಿಡಿ

ಇದನ್ನು ಮಾಡದೆ ಹೋದವರೇ ಜಾಸ್ತಿ. ಆಮೇಲೆ "ಏನೋ ಹಗುರ ಅನ್ನಿಸ್ತು" ಎನ್ನುತ್ತಾರೆ. ಹಣ ಕೊಟ್ಟು ದಿನಾ ಒಂದೂವರೆ ಗಂಟೆ ಫೋನ್ ಇಲ್ಲದೆ ಮಲಗಿದರೆ ಯಾರಿಗಾದರೂ ಹಗುರ ಅನ್ನಿಸುತ್ತದೆ.

ಓಡುವ ಅಭ್ಯಾಸ ಇದ್ದವರು ಮಂಗಳಾ ಸ್ಟೇಡಿಯಂನಲ್ಲೋ ಅಜ್ಜರಕಾಡಿನಲ್ಲೋ 12 ನಿಮಿಷದಲ್ಲಿ ಎಷ್ಟು ಮೀಟರ್ ಓಡುತ್ತೀರಿ ಎಂದು ನೋಡಿ. ಇದಕ್ಕೆ ಕೂಪರ್ ಟೆಸ್ಟ್ ಎನ್ನುತ್ತಾರೆ. ಬಂದ ಮೀಟರಿನಲ್ಲಿ 505 ಕಳೆದು 45ರಿಂದ ಭಾಗಿಸಿದರೆ ವಿಒ2 ಮ್ಯಾಕ್ಸ್‌ನ ಅಂದಾಜು ಸಿಗುತ್ತದೆ. 2000 ಮೀಟರ್ ಓಡಿದರೆ ಸುಮಾರು 33. ಓಡಿ ಅಭ್ಯಾಸವಿಲ್ಲದವರು ಇದನ್ನು ಮಾಡಬೇಡಿ. 6 ನಿಮಿಷದ ಬಿರುಸು ನಡಿಗೆಯ ದೂರ ಬರೆದಿಟ್ಟರೆ ಸಾಕು. ಮೇ ತಿಂಗಳ ಸೆಕೆಯಲ್ಲಿ ಒಂದು ಸಲ, ಮಳೆ ಬಂದು ತಂಪಾದ ಮೇಲೆ ಒಂದು ಸಲ ಓಡಿ ಹೋಲಿಸಬೇಡಿ. ನಮ್ಮ ಕರಾವಳಿಯ ಸೆಕೆಯೇ ಅಂಕಿಯನ್ನು ಬದಲಿಸಿಬಿಡುತ್ತದೆ.

ಉರಿಯೂತಕ್ಕೆ ಎಚ್‌ಎಸ್-ಸಿಆರ್‌ಪಿ ಎಂಬ ರಕ್ತ ಪರೀಕ್ಷೆ ಮಾಡಿಸಿ. ಲೀಟರಿಗೆ 1 ಮಿಲಿಗ್ರಾಮ್‌ಗಿಂತ ಕಡಿಮೆ ಇದ್ದರೆ ಚೆನ್ನಾಗಿದೆ. 1ರಿಂದ 3 ಮಧ್ಯಮ. 3 ದಾಟಿದರೆ ಜಾಸ್ತಿ. 10 ದಾಟಿದರೆ ಎಲ್ಲೋ ಸೋಂಕೋ ಪೆಟ್ಟೋ ಇದೆ, ಡಾಕ್ಟರಿಗೆ ತೋರಿಸಿ. ಜನ ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ಕೆಲವು ಲ್ಯಾಬ್‌ಗಳು ಡೆಸಿಲೀಟರ್ ಲೆಕ್ಕದಲ್ಲಿ ಕೊಡುತ್ತವೆ. ಅಲ್ಲಿ 0.3 ಅಂದರೆ ಇಲ್ಲಿನ 3. ಎರಡು, ಶೀತ ಜ್ವರ ಬಂದ ವಾರದಲ್ಲಿ ಅಥವಾ ಜೋರಾಗಿ ಓಡಿದ ಮರುದಿನ ಮಾಡಿಸಿದರೆ ಅಂಕಿ ಸುಮ್ನೆ ಏರಿರುತ್ತದೆ. ಎರಡು ವಾರ ಬಿಟ್ಟು ಎರಡು ಸಲ ಮಾಡಿಸಿ.

ನಿಮ್ಮ ಅಂಕಿ ಈಗಾಗಲೇ 1ಕ್ಕಿಂತ ಕೆಳಗಿದ್ದರೆ ಇಳಿಸಲು ಏನೂ ಉಳಿದಿಲ್ಲ. ಉರಿಯೂತಕ್ಕಾಗಿ ಹೊರಟವರು ಸಂತೋಷದಿಂದ ಮನೆಗೆ ಹೋಗಿ.

4. "ಎಷ್ಟು ಎಟಿಎ?" ಎಂದು ಕೇಳಿ

ಈ ಇಡೀ ಲೇಖನದಲ್ಲಿ ಒಂದೇ ಸಾಲು ನೆನಪಿಡುವುದಾದರೆ ಇದನ್ನು ನೆನಪಿಡಿ. ಎಟಿಎ ಎಂದರೆ ಒಟ್ಟು ಒತ್ತಡದ ಅಳತೆ. ಮಂಗಳೂರು, ಉಡುಪಿ ಸಮುದ್ರದ ಮಟ್ಟದಲ್ಲೇ ಇವೆ. ಹಾಗಾಗಿ ನಾವು ಈಗ ಕೂತಿರುವುದು 1 ಎಟಿಎಯಲ್ಲಿ. ಬಾವಿಯಲ್ಲಿ 10 ಮೀಟರ್ ನೀರಿನ ಕೆಳಗೆ ಹೋದರೆ 2 ಎಟಿಎ. 3 ಮೀಟರ್ ಕೆಳಗೆ ಹೋದರೆ 1.3 ಎಟಿಎ.

ಆಸ್ಪತ್ರೆಯ ಗಟ್ಟಿ ಚೇಂಬರ್‌ಗಳಲ್ಲಿ ಸಾಮಾನ್ಯವಾಗಿ 2ರಿಂದ 2.5 ಎಟಿಎ ಒತ್ತಡ, ಜೊತೆಗೆ ಶುದ್ಧ ಆಕ್ಸಿಜನ್. ವೆಲ್‌ನೆಸ್ ಕೇಂದ್ರಗಳಲ್ಲಿ, ಮನೆಗೆ ಮಾರುವ ಜಾಹೀರಾತುಗಳಲ್ಲಿ ಕಾಣುವುದು ಜಿಪ್ ಇರುವ ಮೆತ್ತನೆಯ ಬ್ಯಾಗ್. ಅದರ ಒತ್ತಡ ಸುಮಾರು 1.3 ಎಟಿಎ. ಬಹಳ ಸಲ ಒಳಗೆ ತುಂಬುವುದು ಬರೀ ಗಾಳಿ. ಗಾಳಿಯಲ್ಲಿ ಆಕ್ಸಿಜನ್ ಶೇ. 21. ಅದನ್ನು 1.3ರಿಂದ ಗುಣಿಸಿ. 27 ಬಂತು. ಅಂದರೆ ಆ ಬ್ಯಾಗಿನಲ್ಲಿ ಮಲಗಿದರೆ ಸಿಗುವುದು ಹೊರಗೆ ಕೂತು ಶೇ. 27 ಆಕ್ಸಿಜನ್ ಉಸಿರಾಡಿದಷ್ಟೇ. ಆಸ್ಪತ್ರೆಯ ವಾರ್ಡಿನಲ್ಲಿ ಮೂಗಿಗೆ ಸಣ್ಣ ಟ್ಯೂಬ್ ಇಟ್ಟು ನಿಮಿಷಕ್ಕೆ 2 ಲೀಟರ್ ಆಕ್ಸಿಜನ್ ಬಿಡುತ್ತಾರಲ್ಲ, ಅದರಲ್ಲೂ ಹೆಚ್ಚುಕಡಿಮೆ ಇಷ್ಟೇ ಸಿಗುತ್ತದೆ.

ನನಗೆ ನಿಜವಾಗಿ ಬೇಸರ ತರುವುದು ಇಲ್ಲಿ. ಇಸ್ರೇಲಿನ ಅಧ್ಯಯನಗಳು ನಡೆದದ್ದು 2 ಎಟಿಎಯಲ್ಲಿ, ಶುದ್ಧ ಆಕ್ಸಿಜನ್ ಕೊಟ್ಟು, ಆಸ್ಪತ್ರೆಯ ಚೇಂಬರ್‌ನಲ್ಲಿ. ಆ ಫಲಿತಾಂಶ ತೋರಿಸಿ 1.3 ಎಟಿಎ ಬ್ಯಾಗಿನ ಸೆಷನ್ ಮಾರುವುದು ತಪ್ಪು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಮೆತ್ತನೆಯ ಚೇಂಬರ್‌ಗಳಿಗೆ ಅನುಮತಿ ಕೊಟ್ಟಿದ್ದು ಎತ್ತರದ ಬೆಟ್ಟದಲ್ಲಿ ಬರುವ ಕಾಯಿಲೆಗೆ. ಚೇಂಬರ್ ಚಿಕಿತ್ಸೆಯ ಹೆಸರಿನಲ್ಲಿ ಸಾಬೀತಾಗದ ಲಾಭಗಳನ್ನು ಹೇಳುವವರನ್ನು ನಂಬಬೇಡಿ ಎಂದು ಅದೇ ಸಂಸ್ಥೆ 2013ರಲ್ಲೇ ಜನರಿಗೆ ಎಚ್ಚರಿಕೆ ಕೊಟ್ಟಿತ್ತು.

ಅಂಕಿಯಲ್ಲೂ ಒಂದು ಗೊಂದಲ ಇದೆ. ಕೆಲವು ಮೀಟರ್‌ಗಳು ವಾತಾವರಣದ ಮೇಲಿನ ಹೆಚ್ಚುವರಿ ಒತ್ತಡವನ್ನು ಮಾತ್ರ ತೋರಿಸುತ್ತವೆ. "0.3 ಬಾರ್" ಅಥವಾ "4 ಪಿಎಸ್‌ಐ" ಅಂದರೆ ಅದೇ 1.3 ಎಟಿಎ. ಒತ್ತಡ, ಆಕ್ಸಿಜನ್ ಪ್ರಮಾಣ, ಸೆಷನ್ ಅವಧಿ, ಈ ಮೂರನ್ನೂ ಬರೆದು ಕೊಡಲು ಹೇಳಿ. ಬರೆದು ಕೊಡದಿದ್ದರೆ ಅಲ್ಲಿಗೆ ಹೋಗಬೇಡಿ.

5. ಸಮಯ ಮತ್ತು ದುಡ್ಡಿನ ಲೆಕ್ಕ

ಒಂದು ಸೆಷನ್‌ನ ದರ ಕೇಳಿ ತೃಪ್ತರಾಗಬೇಡಿ. ಸ್ಟ್ಯಾಮಿನಾ ಅಧ್ಯಯನದಲ್ಲಿ ಕೊಟ್ಟಷ್ಟು, ಅಂದರೆ 40ರಿಂದ ಗುಣಿಸಿ. ಸಮಯವನ್ನೂ ಹಾಗೆಯೇ ಲೆಕ್ಕ ಹಾಕಿ. ಒತ್ತಡ ಏರಿಸಿ ಇಳಿಸುವುದೂ ಸೇರಿ ಎರಡು ಗಂಟೆ, ಸುರತ್ಕಲ್ಲಿನಿಂದ ಪಂಪ್‌ವೆಲ್ ದಾಟಿ ಹೋಗಿ ಬರಲು ಒಂದು ಗಂಟೆಗೂ ಮೇಲೆ. ವಾರಕ್ಕೆ ಐದು ದಿನದಂತೆ ಎಂಟು ವಾರ, 40 ದಿನಕ್ಕೆ 120 ಗಂಟೆ ದಾಟಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರಕ್ಕೆ 150 ನಿಮಿಷದ ವ್ಯಾಯಾಮವನ್ನು ಅದೇ ಎಂಟು ವಾರ ಮಾಡಿದರೆ 20 ಗಂಟೆ. ಆ 20 ಗಂಟೆಯ ಲಾಭಕ್ಕೆ ಪುರಾವೆ ಬೇಕಾದಷ್ಟಿದೆ.

6. ಡಾಕ್ಟರಿಗೆ ತೋರಿಸಿ

ಕೇಂದ್ರದ ಫಾರಂಗೆ ಸಹಿ ಹಾಕಿದರೆ ಪರೀಕ್ಷೆ ಆದಂತಲ್ಲ. ಎದೆಯ ಎಕ್ಸ್‌ರೇ, ಕಿವಿಯ ತಪಾಸಣೆ, ಕಣ್ಣಿನ ಪವರ್, ಈ ಮೂರಾದರೂ ಆಗಲಿ.

ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಂಡ ಸ್ಥಿತಿ, ಅಂದರೆ ನ್ಯೂಮೋಥೋರಾಕ್ಸ್ ಇದ್ದವರು ಒಳಗೆ ಹೋಗಲೇಬಾರದು. ಒತ್ತಡ ಇಳಿಸುವಾಗ ಆ ಗಾಳಿ ಹಿಗ್ಗಿ ಜೀವಕ್ಕೆ ಕುತ್ತಾಗುತ್ತದೆ. ಅಸ್ತಮಾ, ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಮೂರ್ಛೆ ರೋಗ, ಕಿವಿಯ ಆಪರೇಷನ್, ಹೃದಯದ ದೌರ್ಬಲ್ಯ, ಗರ್ಭಿಣಿ ಎಂಬ ವಿಷಯ, ಬ್ಲಿಯೋಮೈಸಿನ್‌ನಂಥ ಕ್ಯಾನ್ಸರ್ ಔಷಧ, ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ, ಇವುಗಳಲ್ಲಿ ಒಂದನ್ನೂ ಮುಚ್ಚಿಡಬೇಡಿ. ಸಕ್ಕರೆ ಕಾಯಿಲೆ ಇದ್ದರೆ ಚೇಂಬರ್ ಒಳಗೆ ಸಕ್ಕರೆ ತೀರಾ ಇಳಿಯಬಹುದು. ಹುಳುಕು ಹಲ್ಲು, ಸಡಿಲಾದ ಫಿಲ್ಲಿಂಗ್ ಇದ್ದರೆ ಒಳಗೆ ಸಿಕ್ಕಿದ ಗಾಳಿಯಿಂದ ಹಲ್ಲು ವಿಪರೀತ ನೋಯುತ್ತದೆ.

7. ಕೇಂದ್ರವನ್ನು ಕಣ್ಣಾರೆ ನೋಡಿ, ಬೆಂಕಿಯ ಬಗ್ಗೆ ಕೇಳಿ

ಮಂಗಳೂರು, ಮಣಿಪಾಲದ ದೊಡ್ಡ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿಗೆ ಫೋನ್ ಮಾಡಿ, ಪ್ಲಾಸ್ಟಿಕ್ ಸರ್ಜರಿ ಅಥವಾ ಗಾಯದ ಚಿಕಿತ್ಸೆಯ ವಿಭಾಗದಲ್ಲಿ ವಿಚಾರಿಸಿ. ಗಾಯದ ರೋಗಿಗಳಿಗೆ ದಿನವೂ ಚೇಂಬರ್ ನಡೆಸುವ ತಂಡಕ್ಕೆ ಕೈ ಪಳಗಿರುತ್ತದೆ.

ಶುದ್ಧ ಆಕ್ಸಿಜನ್‌ನಲ್ಲಿ ಸಣ್ಣ ಕಿಡಿಯೂ ಕ್ಷಣದಲ್ಲಿ ಜ್ವಾಲೆಯಾಗುತ್ತದೆ. 1997ರಲ್ಲಿ ಇಟಲಿಯ ಮಿಲಾನ್‌ನ ಆಸ್ಪತ್ರೆಯೊಂದರ ಚೇಂಬರ್‌ನಲ್ಲಿ ಬೆಂಕಿ ಹತ್ತಿ 11 ಜನ ತೀರಿಕೊಂಡರು. 2025ರ ಜನವರಿ 31ರಂದು ಅಮೆರಿಕದ ಮಿಶಿಗನ್‌ನ ಒಂದು ಕೇಂದ್ರದಲ್ಲಿ 5 ವರ್ಷದ ಮಗು ಚೇಂಬರ್ ಒಳಗೇ ಸುಟ್ಟು ಸತ್ತಿತು. ಇದನ್ನು ಹೆದರಿಸಲು ಬರೆಯುತ್ತಿಲ್ಲ. ನಿಯಮ ಪಾಲಿಸುವ ಕಡೆ ಇಂಥದ್ದು ಬಹಳ ಅಪರೂಪ. ಪಾಲಿಸುತ್ತಾರೋ ಇಲ್ಲವೋ ಎಂದು ನೋಡುವ ಹಕ್ಕು ನಿಮಗಿದೆ.

ಹೀಗೆ ಕೇಳಿ: ಈ ಚಿಕಿತ್ಸೆಯಲ್ಲಿ ತರಬೇತಿ ಪಡೆದ ಡಾಕ್ಟರ್ ಯಾರು, ಸೆಷನ್ ನಡೆಯುವಾಗ ಅವರು ಕಟ್ಟಡದಲ್ಲಿ ಇರುತ್ತಾರಾ? ಆಪರೇಟರ್ ಪೂರ್ತಿ ಹೊತ್ತು ನನ್ನ ಪಕ್ಕದಲ್ಲೇ ಇರುತ್ತಾರಾ? ಸ್ಥಿರ ವಿದ್ಯುತ್ತಿನ ಕಿಡಿ ಹಾರದಂತೆ ಕೈಗೆ ಕಟ್ಟುವ ಅರ್ಥಿಂಗ್ ಪಟ್ಟಿ ಇದೆಯಾ? ಮಳೆಗಾಲದಲ್ಲಿ ಕರೆಂಟ್ ಹೋದರೆ ಏನು ಮಾಡುತ್ತೀರಿ? ಒಳಗೆ ಫೋನ್ ಒಯ್ಯಬಹುದು ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

8. ಸೆಷನ್ ದಿನ

ಶೀತವಾಗಿದ್ದರೆ, ಮೂಗು ಕಟ್ಟಿದ್ದರೆ, ಜ್ವರ ಇದ್ದರೆ ಆ ದಿನ ಹೋಗಬೇಡಿ. ಹಣ ಕಟ್ಟಿದ್ದೇವೆ ಅಂತ ಹೋಗಿ ಕಿವಿಯ ತಮಟೆ ಹರಿದುಕೊಂಡವರಿದ್ದಾರೆ. ಖಾಲಿ ಹೊಟ್ಟೆಯೂ ಬೇಡ. ಸೋಡಾ, ಕೋಲಾ ಕುಡಿಯಬೇಡಿ, ಒತ್ತಡ ಇಳಿಯುವಾಗ ಹೊಟ್ಟೆ ಉಬ್ಬರಿಸುತ್ತದೆ.

ನಮ್ಮ ಊರಿನವರಿಗೆ ವಿಶೇಷವಾಗಿ ಹೇಳಬೇಕಾದ್ದು ತಲೆಯ ಎಣ್ಣೆ. ತೆಂಗಿನೆಣ್ಣೆ ಹಚ್ಚಿದ ತಲೆಯಲ್ಲಿ ಒಳಗೆ ಹೋಗಬಾರದು, ಬೆಂಕಿಯ ಅಪಾಯ. ಹಿಂದಿನ ದಿನ ಹಚ್ಚಿದ್ದರೂ ಶಾಂಪೂ ಹಾಕಿ ತೊಳೆಯಿರಿ. ಕ್ರೀಮ್, ವ್ಯಾಸಲೀನ್, ಸೆಂಟ್, ನೋವಿನ ಮುಲಾಮು, ಲಿಪ್‌ಸ್ಟಿಕ್ ಯಾವುದೂ ಬೇಡ. ಓಡುವವರು ತಮ್ಮ ಪಾಲಿಯೆಸ್ಟರ್ ಟೀ ಶರ್ಟ್‌ನಲ್ಲೇ ಬರುತ್ತಾರೆ, ಅದೂ ಬೇಡ. ಅವರು ಕೊಡುವ ನೂರಕ್ಕೆ ನೂರು ಹತ್ತಿಯ ಬಟ್ಟೆ ಹಾಕಿ. ವಾಚ್, ಹಿಯರಿಂಗ್ ಏಡ್, ಲೈಟರ್, ಪವರ್ ಬ್ಯಾಂಕ್ ಹೊರಗೇ ಇರಲಿ.

9. ಒಳಗೆ ಹೋದ ಮೇಲೆ

ಆಗುಂಬೆ ಘಾಟಿ ಇಳಿದು ಸೋಮೇಶ್ವರಕ್ಕೆ ಬರುವಾಗ ಕಿವಿ ಕಟ್ಟುತ್ತದಲ್ಲ? ಆ ಘಾಟಿಯಲ್ಲಿ ಒತ್ತಡ ಏರುವುದು ಶೇ. 10ಕ್ಕಿಂತ ಕಡಿಮೆ. ಚೇಂಬರ್‌ನಲ್ಲಿ ಕೆಲವೇ ನಿಮಿಷಗಳಲ್ಲಿ ದುಪ್ಪಟ್ಟಾಗುತ್ತದೆ. ಹಾಗಾಗಿ ಕಿವಿಯ ತೊಂದರೆಯೇ ಇಲ್ಲಿ ಎಲ್ಲಕ್ಕಿಂತ ಸಾಮಾನ್ಯ. ಒತ್ತಡ ಏರಲು ಶುರುವಾದ ಕೂಡಲೇ ಉಗುಳು ನುಂಗಿ, ಆಕಳಿಸಿ. ಅಥವಾ ಮೂಗು ಹಿಡಿದು ಬಾಯಿ ಮುಚ್ಚಿ ಮೆಲ್ಲಗೆ ಊದಿ. ನೋವು ಬಂದ ಮೇಲೆ ಊದುವುದಲ್ಲ, ಬರುವ ಮೊದಲೇ ಮತ್ತೆ ಮತ್ತೆ ಮಾಡಬೇಕು. ಆದರೂ ಕಿವಿ ಬಿಡದಿದ್ದರೆ ತಕ್ಷಣ ಕೈ ಎತ್ತಿ. ಅವರು ಒತ್ತಡವನ್ನು ಸ್ವಲ್ಪ ಇಳಿಸುತ್ತಾರೆ. ಸಹಿಸಿಕೊಂಡು ಕೂರಬೇಡಿ.

ಪ್ರತಿ 20 ಅಥವಾ 30 ನಿಮಿಷಕ್ಕೊಮ್ಮೆ 5 ನಿಮಿಷ ಆಕ್ಸಿಜನ್ ನಿಲ್ಲಿಸಿ ಮಾಮೂಲಿ ಗಾಳಿ ಕೊಡುತ್ತಾರೆ. ಇದಕ್ಕೆ ಏರ್ ಬ್ರೇಕ್ ಎನ್ನುತ್ತಾರೆ. ಆಕ್ಸಿಜನ್ ವಿಪರೀತವಾದರೆ ಮಿದುಳಿಗೆ ವಿಷವಾಗಿ ಅಪರೂಪಕ್ಕೆ ಫಿಟ್ಸ್ ಬರುವುದುಂಟು. ಅದನ್ನು ತಪ್ಪಿಸಲು ಈ ವಿರಾಮ. ತುಟಿ ಅದುರಿದರೆ, ಕಿವಿಯಲ್ಲಿ ಗುಂಯ್ ಎಂದರೆ, ವಾಕರಿಕೆ ಬಂದರೆ ಆಗಲೇ ಹೇಳಿ. ಒತ್ತಡ ಇಳಿಯುವಾಗ ಮಾತ್ರ ಮೂಗು ಹಿಡಿಯಬೇಡಿ, ಉಸಿರು ಕಟ್ಟಬೇಡಿ. ಸಹಜವಾಗಿ ಉಸಿರಾಡುತ್ತಾ ಇರಿ.

ಮುರ್ಡೇಶ್ವರದಿಂದ ನೇತ್ರಾಣಿಗೆ ಸ್ಕೂಬಾ ಡೈವಿಂಗ್ ಹೋಗುವವರಿಗೂ ಒಂದು ಮಾತು. ಡೈವ್ ಆದ ಮೇಲೆ ಕೀಲು ನೋವು, ಜೋಮು, ತಲೆ ಸುತ್ತು ಬಂದರೆ ಅದು ನೀರಿನಾಳದಿಂದ ಮೇಲೆ ಬರುವಾಗ ಒತ್ತಡ ಇಳಿದು ದೇಹದಲ್ಲಿ ಗಾಳಿಗುಳ್ಳೆ ಏಳುವ ಡಿಕಂಪ್ರೆಶನ್ ಕಾಯಿಲೆ ಇರಬಹುದು. ಅದಕ್ಕೆ ಈ ಚೇಂಬರೇ ಮದ್ದು, ತಡ ಮಾಡಬೇಡಿ. ಒಂದು ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಹಲವು ಮಾಡಿದ್ದರೆ 18 ಗಂಟೆ ಕಳೆಯದೆ ಬಜ್ಪೆಯಲ್ಲಿ ವಿಮಾನ ಹತ್ತಬೇಡಿ.

10. ಅರ್ಧಕ್ಕೆ ನಿಂತು ಮತ್ತೆ ಅಳೆಯಿರಿ

ಒಮ್ಮೆಲೇ 40 ಸೆಷನ್‌ಗೆ ಹಣ ಕಟ್ಟಬೇಡಿ. 20 ಆದ ಮೇಲೆ ಮೂರನೇ ಹಂತದ ಅಳತೆಗಳನ್ನು ಅದೇ ಲ್ಯಾಬ್, ಅದೇ ಟ್ರ್ಯಾಕ್, ಅದೇ ಹೊತ್ತಿನಲ್ಲಿ ಮಾಡಿ. ಈ ನಡುವೆ ಊಟ, ನಿದ್ದೆ, ವ್ಯಾಯಾಮ ಬದಲಿಸಿದ್ದರೆ ಅದನ್ನೂ ಬರೆದಿರಬೇಕು. ಇಲ್ಲವಾದರೆ ಬದಲಾವಣೆ ಯಾವುದರಿಂದ ಬಂತು ಎಂದು ಗೊತ್ತಾಗುವುದಿಲ್ಲ. ಅಂಕಿ ಅಲ್ಲಾಡದಿದ್ದರೆ ನಿಲ್ಲಿಸಿ. "ಇನ್ನೂ 20 ಆದ ಮೇಲೆ ಗೊತ್ತಾಗುತ್ತೆ" ಎಂಬ ಮಾತಿಗೆ ಒಪ್ಪಬೇಡಿ.

ಈ ಹೊತ್ತಿಗೆ ಕೆಲವರಿಗೆ ದೂರದ ಬಸ್ಸಿನ ಬೋರ್ಡು ಮಸುಕಾಗಿ ಕಾಣಲು ಶುರುವಾಗುತ್ತದೆ. ಚಾಳೀಸು ಬಂದವರಿಗೆ ಕನ್ನಡಕವಿಲ್ಲದೆ ಪೇಪರ್ ಓದಲು ಆಗುತ್ತದೆ. ಕಣ್ಣು ಚೆನ್ನಾಯಿತು ಎಂದು ಅವರು ಖುಷಿಪಡುತ್ತಾರೆ, ಆದರೆ ಅದು ಆಕ್ಸಿಜನ್‌ನಿಂದ ಕಣ್ಣಿನ ಮಸೂರ ತಾತ್ಕಾಲಿಕವಾಗಿ ಬದಲಾಗಿ ಬಂದ ಸಮೀಪ ದೃಷ್ಟಿ. ಸೆಷನ್ ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಕೆಲವು ವಾರಗಳಿಂದ ಕೆಲವು ತಿಂಗಳಲ್ಲಿ ಅದು ತಾನಾಗಿ ಸರಿಹೋಗುತ್ತದೆ. ಅಲ್ಲಿಯವರೆಗೆ ರಾತ್ರಿ ಗಾಡಿ ಓಡಿಸುವಾಗ ಜಾಗ್ರತೆ. ಹೊಸ ಕನ್ನಡಕ ಮಾಡಿಸಬೇಡಿ.